ಪರದೆಯ ಮೇಲಿನ ಸಾಕ್ಷಿ: ಮಲೆನಾಡಿನಿಂದ ವಿಸಿ (ವಿಡಿಯೊ ಕಾನ್ಫರೆನ್ಸ್) ಮೂಲಕ ಸಾಕ್ಷ್ಯ ನುಡಿಯುವವರಿಗೂ ನುಡಿಸುವವರಿಗೂ

ಶಿವಮೊಗ್ಗದ ಕೇಸಿಗೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಸಾಕ್ಷಿ. ಬೆಂಗಳೂರಿನ ಕೇಸಿಗೆ ಹೊಸನಗರದ ಹಳ್ಳಿಯ ಅಜ್ಜಿ ಸಾಕ್ಷಿ. ಮೆಗ್ಗಾನ್ ಆಸ್ಪತ್ರೆಯಲ್ಲಿದ್ದಾಗ ಗಾಯದ ಸರ್ಟಿಫಿಕೇಟ್ ಕೊಟ್ಟ ಡಾಕ್ಟರು ವರ್ಗವಾಗಿ ಬೇರೆ ಜಿಲ್ಲೆಯಲ್ಲಿದ್ದಾರೆ. ಇಂಥ ಕಡೆಯಲ್ಲೆಲ್ಲ ಈಗ ವಕೀಲರ ಬಾಯಿಂದ ಮೊದಲು ಬರುವ ಮಾತು ‘ವಿಸಿ ಹಾಕಿಸಿಬಿಡೋಣ’. ಕಾನೂನಿನ ಅಡ್ಡಿಯಿಲ್ಲ. ಆದರೆ ಸಾಕ್ಷಿ ಕಟ್ಟೆಯಲ್ಲಿ ನಿಂತು ಆಡಿದ ಮಾತು, ಪರದೆಯಲ್ಲಿ ಬಂದ ಮಾತು, ಮೊದಲೇ ರೆಕಾರ್ಡ್ ಆದ ಮಾತು ಕೇಳುವವರ ಮನಸ್ಸಿನಲ್ಲಿ ಒಂದೇ ತೂಕದಲ್ಲಿ ಕೂರುವುದಿಲ್ಲ. ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಿದ್ದರೆ ಬಹುಪಾಲನ್ನು ಹಿಂದಿನ ದಿನವೇ ಸರಿಮಾಡಿಕೊಳ್ಳಬಹುದು. ಸರಿಮಾಡಲಾಗದ ಕಡೆ ಬಸ್ಸು ಹತ್ತುವುದೇ ಸರಿ.

ಜ್ಯೂರಿಗಳ ಮೇಲಿನ ಪ್ರಯೋಗ ನಮಗೇಕೆ

ನಮ್ಮ ಕ್ರಿಮಿನಲ್ ಕೋರ್ಟುಗಳಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ತಂಡ, ಇಲ್ಲ. 1959ರ ನಾನಾವತಿ ಕೊಲೆ ಪ್ರಕರಣದಲ್ಲಿ ಬೊಂಬಾಯಿಯ ಜ್ಯೂರಿ 8–1ರಲ್ಲಿ ನಿರಪರಾಧಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಜ್ಯೂರಿಗೆ ಜಾಗವನ್ನೇ ಇಡಲಿಲ್ಲ. ಹಾಗಾಗಿ ಸಾಕ್ಷಿಯ ಮಾತು ಕೇಳುವವರ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬ ಅಧ್ಯಯನಗಳೆಲ್ಲ ಹೆಚ್ಚುಕಡಿಮೆ ಹೊರದೇಶದವು. ಅದರಲ್ಲೂ ಹೆಚ್ಚಿನವು ಅಣಕು ಜ್ಯೂರಿಗಳನ್ನು ಕೂರಿಸಿ ನಡೆಸಿದವು.

ಅಮೆರಿಕದ ಒಹಾಯೊ ರಾಜ್ಯದಲ್ಲಿ 1971ರಲ್ಲಿ ಒಂದು ಸಿವಿಲ್ ದಾವೆಯ ಇಡೀ ಸಾಕ್ಷ್ಯವನ್ನು ಮೊದಲೇ ಟೇಪಿನಲ್ಲಿ ಹಿಡಿದು, ಬೇಡವಾದ ಭಾಗ ಕತ್ತರಿಸಿ, ಜ್ಯೂರಿಗೆ ತೋರಿಸಿ ತೀರ್ಪು ಪಡೆದರು. ಆ ದಶಕದಲ್ಲಿ ಮಿಷಿಗನ್ನಿನ ಸಂಶೋಧಕರು ಒಂದೇ ವಿಚಾರಣೆಯನ್ನು ಕೆಲವರಿಗೆ ನೇರವಾಗಿ, ಕೆಲವರಿಗೆ ಟೇಪಿನಲ್ಲಿ ತೋರಿಸಿದರು. ಒಟ್ಟಾರೆ ತೀರ್ಪಿನಲ್ಲಿ ದೊಡ್ಡ ಅಂತರ ಕಾಣಲಿಲ್ಲ. ಆದರೆ ತೀರ್ಪೊಂದೇ ಅಳತೆಯಲ್ಲ. 2005ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಎದುರಿಗೆ ನಿಂತ ಸಾಕ್ಷಿಯ ಬಗ್ಗೆ ನೋಡುಗರಿಗೆ ಹೆಚ್ಚು ಒಳ್ಳೆಯ ಅಭಿಪ್ರಾಯವಿತ್ತು, ಅವರ ಮಾತು ಹೆಚ್ಚು ನೆನಪಿನಲ್ಲೂ ಉಳಿದಿತ್ತು. ಸುಳ್ಳು–ನಿಜ ಬೇರ್ಪಡಿಸುವುದರಲ್ಲಿ ಮಾತ್ರ ಯಾರೂ ಜಾಣರಾಗಿರಲಿಲ್ಲ. ಮಕ್ಕಳ ಬಗ್ಗೆ 1998ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಇನ್ನೂ ವಿಚಿತ್ರ: ಬೇರೆ ಕೋಣೆಯಲ್ಲಿ ಕೂತು ಟಿವಿ ಮೂಲಕ ಸಾಕ್ಷ್ಯ ಹೇಳಿದ ಚಿಕ್ಕ ಮಕ್ಕಳು ದಾರಿ ತಪ್ಪಿಸುವ ಪ್ರಶ್ನೆಗಳಿಗೆ ಕಡಿಮೆ ಬಿದ್ದರು. ನೋಡುಗರಿಗೆ ಮಾತ್ರ ಆ ಮಕ್ಕಳೇ ಕಡಿಮೆ ನಂಬಿಕೆಗೆ ಅರ್ಹರಾಗಿ ಕಂಡರು.

ಇದನ್ನು ಕೇಳಿದ ಕೂಡಲೇ ಬರುವ ಮಾತು, ‘ಅದು ಜ್ಯೂರಿ, ನಮ್ಮಲ್ಲಿ ಪಳಗಿದ ನ್ಯಾಯಾಧೀಶರಿದ್ದಾರೆ’ ಎಂಬುದು. ಷಿಕಾಗೋದ ಕುಕ್ ಕೌಂಟಿಯಲ್ಲಿ 1999ರಿಂದ ಜಾಮೀನು ವಿಚಾರಣೆಗಳನ್ನು ವಿಡಿಯೊಗೆ ಹಾಕಿದರು. ಕೂತವರು ನ್ಯಾಯಾಧೀಶರೇ. ವಿಡಿಯೊಗೆ ಹೋದ ಅಪರಾಧಗಳಲ್ಲಿ ಜಾಮೀನಿನ ಮೊತ್ತ ಸರಾಸರಿ ಶೇ 51ರಷ್ಟು ಏರಿತ್ತು, ಎದುರಿಗೇ ನಡೆದ ವಿಚಾರಣೆಗಳಲ್ಲಿ ಅಂಥ ಏರಿಕೆ ಇರಲಿಲ್ಲ. ಅದು ಬಯಲಾದ ಮೇಲೆ ವಿಡಿಯೊ ಪದ್ಧತಿಯನ್ನೇ ಕೈಬಿಟ್ಟರು. ಕುರ್ಚಿ ಬದಲಾದ ಮಾತ್ರಕ್ಕೆ ಕಣ್ಣು–ಕಿವಿ ಬದಲಾಗುವುದಿಲ್ಲ.

ಇನ್ನೊಂದು ಅಂಕಿ ಮೇಜಿನ ಮೇಲಿರಲಿ. ಮುಖ ನೋಡಿ ಸುಳ್ಳು ಹಿಡಿಯುವ ಬಗ್ಗೆ ನಡೆದ ನೂರಾರು ಪ್ರಯೋಗಗಳನ್ನು 2006ರಲ್ಲಿ ಒಟ್ಟುಗೂಡಿಸಿದಾಗ ಸರಿಯಾದ ಊಹೆಯ ಸರಾಸರಿ ಬರೀ ಶೇ 54. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಹಾಗಾಗಿ ‘ಮುಖ ನೋಡಿದ್ರೆ ಗೊತ್ತಾಗ್ತಿತ್ತು, ವಿಸಿಯಲ್ಲಿ ಕಳೆದುಹೋಯ್ತು’ ಎಂಬ ವಾದಕ್ಕೆ ಬೆಲೆ ಕಡಿಮೆ. ವಿಸಿಯಲ್ಲಿ ನಿಜವಾಗಿ ಕಳೆದುಹೋಗುವುದು ಮಾತಿನ ಸ್ಪಷ್ಟತೆ, ಕೈಸನ್ನೆ, ದಾಖಲೆ ತೋರಿಸುವ ಸಲೀಸು. ನಿಮ್ಮ ತಯಾರಿಯೂ ಅಲ್ಲೇ ಇರಬೇಕು.

ಯಾವ ರೆಕಾರ್ಡಿಂಗ್ ಸಾಕ್ಷ್ಯ, ಯಾವುದು ಅಲ್ಲ

‘ಅಪ್ಪನಿಗೆ ವಯಸ್ಸಾಯ್ತು, ಮೊಬೈಲಲ್ಲಿ ಹೇಳಿಸಿ ಪೆನ್ ಡ್ರೈವ್ ಕೊಡ್ತೀವಿ’ ಎಂದು ಬರುವವರು ಬಹಳ. ಹಾಗೆ ಮಾಡಿದರೆ ಅದು ಸಾಕ್ಷ್ಯವಾಗುವುದಿಲ್ಲ. ಪ್ರಮಾಣ ಮಾಡಿಸಿಲ್ಲ, ಎದುರು ಪಕ್ಷ ಪ್ರಶ್ನೆ ಕೇಳಿ ಒರೆಹಚ್ಚುವ ಪಾಟೀ ಸವಾಲೂ ನಡೆದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಿದರೆ ಫೈಲು ಕಡತಕ್ಕೆ ಬರಬಹುದು, ಅದರೊಳಗಿನ ಮಾತು ರುಜುವಾತಾಗುವುದಿಲ್ಲ.

ಪೊಲೀಸರು ತನಿಖೆಯಲ್ಲಿ ಹಿಡಿದ ವಿಡಿಯೊ ಹೇಳಿಕೆಯೂ ಅಷ್ಟೇ. ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 180ನೇ ಕಲಮಿನಡಿ ಆಡಿಯೊ–ವಿಡಿಯೊದಲ್ಲಿ ಬರೆದುಕೊಳ್ಳಬಹುದು, ಆದರೆ ಅದರ ಉಪಯೋಗ ಮುಖ್ಯವಾಗಿ ಸಾಕ್ಷಿ ಕೋರ್ಟಿನಲ್ಲಿ ಬೇರೆ ಮಾತು ಆಡಿದಾಗ ಆ ವಿರೋಧವನ್ನು ತೋರಿಸುವುದಕ್ಕೆ. ಮ್ಯಾಜಿಸ್ಟ್ರೇಟರ ಮುಂದೆ 183ನೇ ಕಲಮಿನಡಿ ಕೊಟ್ಟ ಹೇಳಿಕೆಗೆ ತೂಕ ಹೆಚ್ಚು. ಅದೂ ವಿಚಾರಣೆಯಲ್ಲಿ ನುಡಿದ ಸಾಕ್ಷ್ಯಕ್ಕೆ ಬದಲಿಯಲ್ಲ. ಇದಕ್ಕೊಂದು ಅಪವಾದವಿದೆ: ಲೈಂಗಿಕ ದೌರ್ಜನ್ಯದಂಥ ಕೆಲವು ಅಪರಾಧಗಳಲ್ಲಿ, ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವ ಸಂತ್ರಸ್ತರ ಹೇಳಿಕೆಯನ್ನು ಹಾಗೆ ವಿಡಿಯೊದಲ್ಲಿ ಹಿಡಿದಿದ್ದರೆ ಅದನ್ನೇ ಮುಖ್ಯ ವಿಚಾರಣೆ (ಸಾಕ್ಷಿಯನ್ನು ಕರೆಸಿದ ಪಕ್ಷ ಮೊದಲು ಕೇಳುವ ಪ್ರಶ್ನೋತ್ತರ) ಎಂದು ತೆಗೆದುಕೊಂಡು ನೇರವಾಗಿ ಪಾಟೀ ಸವಾಲಿಗೆ ಹೋಗಬಹುದು. ಮಾತು ಬಾರದ ಸಾಕ್ಷಿ ಸನ್ನೆಯಲ್ಲಿ ಹೇಳಿದರೆ ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವು ಪಡೆದು ವಿಡಿಯೊ ಮಾಡಲೇಬೇಕು.

ವಯಸ್ಸಾದವರ ವಿಷಯದಲ್ಲಿ ಸರಿಯಾದ ದಾರಿ ಬೇರೆ. ಸಿವಿಲ್ ದಾವೆಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26ರಡಿ ಕಮಿಷನರನ್ನು ನೇಮಿಸಿಕೊಂಡು ಮನೆಯಲ್ಲೇ ಸಾಕ್ಷ್ಯ ಬರೆಸಬಹುದು. ಊರು ಬಿಟ್ಟು ಹೋಗುವ ಸಾಕ್ಷಿಯಾದರೆ ಆದೇಶ 18, ನಿಯಮ 16ರಡಿ ಸರದಿಗೆ ಕಾಯದೆ ಕೂಡಲೇ ವಿಚಾರಿಸಿ ಎಂದು ಕೇಳಬಹುದು. ಹಾಗೆ ಪಾಟೀ ಸವಾಲಿನ ಸಮೇತ ದಾಖಲಾದ ಮಾತು ಸಾಕ್ಷಿ ತೀರಿಕೊಂಡ ಮೇಲೂ ಉಳಿಯುತ್ತದೆ. ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕಾಲುದಾರಿಯ ತಂಟೆಗಳಲ್ಲಿ ಹಳೆಯದನ್ನು ಕಣ್ಣಾರೆ ಕಂಡವರು ಒಬ್ಬಿಬ್ಬರೇ ಉಳಿದಿರುತ್ತಾರೆ. ಅವರ ವಿಷಯದಲ್ಲಿ ಮುಂದಿನ ವಾಯಿದೆಗೆ ನೋಡೋಣ ಅನ್ನಬೇಡಿ.

ಇನ್ನು ನೇರ ವಿಸಿ. 2003ರಲ್ಲಿ ಮಹಾರಾಷ್ಟ್ರ ರಾಜ್ಯ ವಿರುದ್ಧ ಪ್ರಫುಲ್ಲ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಡಿಯೊ ಮೂಲಕ ತೆಗೆದುಕೊಂಡ ಸಾಕ್ಷ್ಯವೂ ಆರೋಪಿಯ ‘ಸಮಕ್ಷಮ’ ತೆಗೆದುಕೊಂಡದ್ದೇ ಎಂದು ಹೇಳಿತು. 1 ಜುಲೈ 2024ರಿಂದ ಜಾರಿಯಾದ ಸುರಕ್ಷಾ ಸಂಹಿತೆ ಅದನ್ನು ಕಲಮಿನಲ್ಲೇ ಬರೆದಿದೆ: 254, 265, 308, 310 ಮತ್ತು 530 ನೋಡಿ. ಸರ್ಕಾರ ಗೊತ್ತುಪಡಿಸಿದ ಸ್ಥಳ ಎಂಬ ಮಾತು 265 ಮತ್ತು 308ರಲ್ಲಿ ಬರುತ್ತದೆ. ಹಾಗಾಗಿ ಮನೆಯ ಜಗಲಿಯಲ್ಲಿ ಮೊಬೈಲ್ ಹಿಡಿದು ಕೂರುವುದನ್ನು ಮನಸ್ಸಿನಿಂದ ತೆಗೆದುಹಾಕಿ.

ಯಾರನ್ನು ವಿಸಿಗೆ ಕೂರಿಸಬೇಕು

ಡಾಕ್ಟರು, ಬ್ಯಾಂಕ್ ಮ್ಯಾನೇಜರ್, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ಅಧಿಕಾರಿ, ವರ್ಗವಾಗಿ ಹೋದ ತಹಶೀಲ್ದಾರ್ ಇವರೆಲ್ಲ ಹೇಳುವುದು ಕಾಗದದ ಮೇಲಿರುವುದನ್ನು. ಇವರಿಗೆ ವಿಸಿಯೇ ಸರಿ. ಪೋಕ್ಸೊ ಪ್ರಕರಣದ ಮಗು ಆರೋಪಿಯ ಮುಖ ನೋಡುವಂತಾಗಬಾರದು ಎಂದು ಕಾನೂನೇ ಹೇಳುತ್ತದೆ, ನಡುವೆ ಬಟ್ಟೆಯ ಪರದೆ ಅಥವಾ ವಿಸಿ ಅಲ್ಲಿ ಅಗತ್ಯ. ಮಗುವಿನ ದನಿ ಸಣ್ಣದು, ಮೈಕಿನ ಬಗ್ಗೆ ಮುಂದೆ ಬರೆದದ್ದನ್ನು ಅಲ್ಲಿ ಎರಡು ಪಟ್ಟು ಪಾಲಿಸಿ.

ಆರೋಪಿಯನ್ನು ಗುರುತಿಸಬೇಕಾದ ಕಣ್ಣಾರೆ ಸಾಕ್ಷಿಯನ್ನು ಆದಷ್ಟು ಕೋರ್ಟಿಗೇ ಕರೆತನ್ನಿ. ಲ್ಯಾಪ್‌ಟಾಪಿನ ಪರದೆಯಲ್ಲಿ ಕಟಕಟೆಯ ಮುಖ ಹೆಬ್ಬೆಟ್ಟಿನಷ್ಟು ಕಾಣುತ್ತದೆ. ಆರೋಪಿಯೂ ಸೋಗಾನೆಯ ಜೈಲಿನಿಂದ ವಿಸಿಯಲ್ಲೇ ಬಂದಿದ್ದರೆ ಒಂದೇ ಪರದೆಯಲ್ಲಿ ಹೆಸರಿನ ಪಟ್ಟಿಯ ಸಮೇತ ಮುಖ ತೋರಿಸಿದಂತಾಗಿ ಗುರುತಿಸುವಿಕೆಗೆ ಅರ್ಥವೇ ಉಳಿಯುವುದಿಲ್ಲ.

ಮುದ್ದೆಮಾಲಿನ (ಕೇಸಿನಲ್ಲಿ ವಶಪಡಿಸಿಕೊಂಡ ವಸ್ತುವಿನ) ಕಥೆಯೂ ಹೀಗೇ. ಮಲೆನಾಡಿನ ಹೊಡೆದಾಟದ ಕೇಸಿನಲ್ಲಿ ಬಹುಪಾಲು ಮುದ್ದೆಮಾಲು ಕತ್ತಿ. ಮೂತಿ ಬಾಗಿದ, ಮರದ ಹಿಡಿಯ ಅಂಥ ಕತ್ತಿ ಪ್ರತಿ ಮನೆಯ ಸೌದೆ ಕೊಟ್ಟಿಗೆಯಲ್ಲೂ ಇರುತ್ತದೆ. ‘ಇದೇ ಕತ್ತಿ’ ಎನ್ನಲು ಸಾಕ್ಷಿಗೆ ಆಧಾರವಾಗುವುದು ಹಿಡಿ ಸೀಳದಂತೆ ಹಾಕಿದ ಕಬ್ಬಿಣದ ಬಳೆ, ಬಾಯಿಯಲ್ಲಿ ಮುಕ್ಕಾದ ಜಾಗ, ಹಿಡಿಯ ಮೇಲೆ ಕೊರೆದ ಅಕ್ಷರ. ಇವು ಯಾವುವೂ ಕೋರ್ಟ್ ಹಾಲಿನ ಕ್ಯಾಮೆರಾದಲ್ಲಿ ಕಾಣವು. ವಿಸಿಯಲ್ಲಿ ‘ಹೌದು ಸ್ವಾಮಿ, ಅದೇ’ ಎಂದು ಹೇಳಿಸಿದರೆ ಪಾಟೀ ಸವಾಲಿನ ಎರಡನೇ ಪ್ರಶ್ನೆಗೇ ಕುಸಿಯುತ್ತದೆ. ಕೈಗೆ ಕೊಟ್ಟು ತಿರುಗಿಸಿ ನೋಡಿಸಬೇಕು. ಬರಲು ಆಗುವುದೇ ಇಲ್ಲ ಎಂದಾದರೆ, ಮೊದಲು ಗುರುತುಗಳನ್ನು ಸಾಕ್ಷಿಯ ಬಾಯಿಂದ ಹೇಳಿಸಿ, ಆಮೇಲೆ ಡಾಕ್ಯುಮೆಂಟ್ ಕ್ಯಾಮೆರಾದ ಕೆಳಗಿಟ್ಟು ತೋರಿಸಿ. ಕ್ರಮ ತಿರುಗುಮುರುಗಾದರೆ ನೋಡಿ ಹೇಳಿದ ಹಾಗಾಗುತ್ತದೆ.

ಅರ್ಜಿ ಮತ್ತು ಜಾಗ

ಹೈಕೋರ್ಟಿನ ವಿಡಿಯೊ ಕಾನ್ಫರೆನ್ಸಿಂಗ್ ನಿಯಮಗಳಲ್ಲಿ ಕೋರಿಕೆಯ ನಮೂನೆ ಇದೆ. ಸಾಮಾನ್ಯವಾಗಿ ಅರ್ಜಿಗೆ ಮೊದಲು ಎದುರು ವಕೀಲರ ಜೊತೆ ಮಾತಾಡಿರಬೇಕು. ಹಾಗೆ ಮಾತಾಡಿದ್ದೀರಿ ಎಂದು ಅರ್ಜಿಯಲ್ಲೇ ಬರೆದರೆ ಅರ್ಧ ತಕರಾರು ಕಡಿಮೆ. ಸಾಕ್ಷಿ ಯಾರು, ಯಾಕೆ ಬರಲಾಗದು, ಎಲ್ಲಿ ಕೂರುತ್ತಾರೆ, ಯಾವ ಯಾವ ದಾಖಲೆ ತೋರಿಸಬೇಕು, ಎಷ್ಟು ಹೊತ್ತು ಬೇಕು ಎಲ್ಲವನ್ನೂ ಬರೆಯಿರಿ. ದಾಖಲೆಗಳ ಪಟ್ಟಿ ಮರೆತ ಅರ್ಜಿ ಮಂಜೂರಾದರೂ ಆ ದಿನ ಮುಂದಕ್ಕೆ ಹೋಗುತ್ತದೆ.

ಸಾಕ್ಷಿ ಕೂರುವ ತುದಿಯಲ್ಲಿ ಒಬ್ಬ ಸಂಯೋಜಕರು ಇರಬೇಕು. ಕೋರ್ಟಿನಲ್ಲಾದರೆ ಅಲ್ಲಿನ ಅಧಿಕಾರಿ, ಆಸ್ಪತ್ರೆಯಲ್ಲಾದರೆ ವೈದ್ಯಕೀಯ ಮುಖ್ಯಸ್ಥರು ಅಥವಾ ಅವರು ನೇಮಿಸಿದವರು, ಜೈಲಿನಲ್ಲಾದರೆ ಸೂಪರಿಂಟೆಂಡೆಂಟರು, ವಿದೇಶದಲ್ಲಾದರೆ ನಮ್ಮ ರಾಯಭಾರ ಕಚೇರಿಯವರು. ಆಗುಂಬೆ ಕಡೆಯ ಸಾಕ್ಷಿಗೆ ತೀರ್ಥಹಳ್ಳಿ ಕೋರ್ಟು, ಕಾರ್ಗಲ್ ಕಡೆಯವರಿಗೆ ಸಾಗರದ ಕೋರ್ಟು ಕೇಳಿಕೊಳ್ಳುವುದು ಒಳ್ಳೆಯದು. ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ, ನೆಟ್ ಹಿಡಿಯಲು ಗುಡ್ಡ ಹತ್ತುವುದೂ ತಪ್ಪುತ್ತದೆ.

ದಿನ ಕೇಳುವಾಗ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಆಗ ಬೆಳಗಿನ ಹೊತ್ತು ಕೇಳಿ. ಜುಲೈ–ಆಗಸ್ಟಿನಲ್ಲಿ ಹೊತ್ತಿನ ಲೆಕ್ಕ ನಡೆಯದು. ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಹೋಗುತ್ತದೆ. ಉದ್ದದ ಪಾಟೀ ಸವಾಲು ಇರುವ ಸಾಕ್ಷಿಯನ್ನು ಮಳೆಗಾಲಕ್ಕೆ ಹಾಕಿಸಿಕೊಳ್ಳದಿರುವುದೇ ಜಾಣತನ.

ಧ್ವನಿ ಮೊದಲು, ಚಿತ್ರ ಆಮೇಲೆ

ಎಲ್ಲರೂ ಕ್ಯಾಮೆರಾದ ಚಿಂತೆ ಮಾಡುತ್ತಾರೆ. ಕೆಡುವುದು ಧ್ವನಿ. ಆಸ್ಟ್ರೇಲಿಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಬ್ಬರೇ ಸಾಕ್ಷಿಯ ಅದೇ ಮಾತನ್ನು ಒಮ್ಮೆ ಶುದ್ಧ ಧ್ವನಿಯಲ್ಲಿ, ಒಮ್ಮೆ ಕೆಟ್ಟ ಧ್ವನಿಯಲ್ಲಿ ಕೇಳಿಸಿದರು. ಧ್ವನಿ ಕೆಟ್ಟಾಗ ಸಾಕ್ಷಿಯೇ ನಂಬಲರ್ಹರಲ್ಲ ಎನಿಸಿತು, ಅವರ ಸಾಕ್ಷ್ಯಕ್ಕೆ ಕೊಟ್ಟ ತೂಕವೂ ಇಳಿಯಿತು. ಕೇಳುವವರು ಮೈಕಿನ ತಪ್ಪನ್ನು ಮನುಷ್ಯನ ತಲೆಗೆ ಕಟ್ಟಿದರು. ಕಿವಿಗೊಟ್ಟು ಕೇಳಲು ಪಟ್ಟ ಕಷ್ಟ ಅವರಿಗೆ ಮಾತಿನ ಮೇಲಿನ ಅನುಮಾನವಾಗಿ ಕಾಣುತ್ತದೆ.

ಮೈಕು ಬಾಯಿಯಿಂದ ಒಂದು ಗೇಣಿನೊಳಗೆ, ಅಂದರೆ 20 ಸೆಂಟಿಮೀಟರಿನ ಆಸುಪಾಸಿನಲ್ಲಿರಲಿ. ಲ್ಯಾಪ್‌ಟಾಪಿನೊಳಗಿನ ಮೈಕು ಮೂರಡಿ ದೂರದಿಂದ ಸಾಕ್ಷಿಯ ದನಿಯ ಜೊತೆ ಫ್ಯಾನಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಕಾಲರಿಗೆ ಸಿಕ್ಕಿಸುವ ತಂತಿಯ ಮೈಕು ಅಗ್ಗ, ಒಳ್ಳೆಯದು. ಸೀರೆಯ ಸೆರಗಿಗೆ ಸಿಕ್ಕಿಸಿದರೆ ಬಟ್ಟೆ ಉಜ್ಜಿದ ಸದ್ದು ಬರುತ್ತದೆ, ರವಿಕೆಯ ಅಂಚಿಗೆ ಹಾಕಿ. ಹೆಡ್‌ಫೋನ್ ಹಾಕಿದರೆ ಪ್ರತಿಧ್ವನಿ ನಿಲ್ಲುತ್ತದೆ, ಆದರೆ ‘ಕಿವಿಯಲ್ಲಿ ಯಾರೋ ಹೇಳಿಕೊಡ್ತಿದಾರೆ’ ಎಂಬ ಆಕ್ಷೇಪ ಬರುತ್ತದೆ. ಕೋರ್ಟಿನ ಅನುಮತಿ ಕೇಳಿ, ತಂತಿ ಕಾಣುವ ಹಾಗೆ ಹಾಕಿಸಿ. ಬ್ಲೂಟೂತ್ ಬೇಡ.

ಕೋಣೆ ಆರಿಸುವಾಗ ಮೇಲೆ ನೋಡಿ. ಶೀಟಿನ ಮಾಡಿನ ಕೆಳಗೆ ಮಳೆ ಹೊಡೆಯುವಾಗ ಯಾವ ಮೈಕೂ ಕೆಲಸಕ್ಕೆ ಬಾರದು. ಸದ್ದು ತಗ್ಗಿಸುವ ಸಾಫ್ಟ್‌ವೇರ್ ಮಳೆಯ ಜೊತೆ ಮಾತಿನ ತುದಿಗಳನ್ನೂ ತಿನ್ನುತ್ತದೆ. ‘ಹೋಗಿದ್ದೆ’ ‘ಹೋಗಿದ್ದ’ ಎರಡೂ ಒಂದೇ ಥರ ಕೇಳುತ್ತವೆ, ಕ್ರಿಮಿನಲ್ ಕೇಸಿನಲ್ಲಿ ಅವು ಬೇರೆ ಬೇರೆ ಮನುಷ್ಯರು. ಆರ್‌ಸಿಸಿ ಮಾಡಿನ, ಹೊರಗೋಡೆಯಿಲ್ಲದ ಒಳಕೋಣೆ ಉತ್ತಮ. ಬರಿಗೋಡೆಯ ಖಾಲಿ ಕೋಣೆಯಾದರೆ ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ‘ಠಣ್’ ಎಂದು ಉಳಿದರೆ ನೆಲಕ್ಕೆ ಜಮಖಾನ, ಸಾಕ್ಷಿಯ ಎದುರು ಗೋಡೆಗೆ ಕಂಬಳಿ ಅಥವಾ ದಪ್ಪ ಪರದೆ ಕಟ್ಟಿ. ಮಾತಾಡುವಷ್ಟು ಹೊತ್ತು ಫ್ಯಾನ್ ಆರಿಸಿ.

ನೆಟ್ಟಿನ ವೇಗದಲ್ಲಿ ಡೌನ್‌ಲೋಡಿಗಿಂತ ಅಪ್‌ಲೋಡ್ ನೋಡಿ. 3 ಎಂಬಿಪಿಎಸ್ ಸ್ಥಿರವಾಗಿ ಸಿಕ್ಕರೆ ಸಾಕು. ವೇಗಕ್ಕಿಂತ ವಿಳಂಬ ಹೆಚ್ಚು ತೊಂದರೆ: ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆ ತಲುಪಲು 150 ಮಿಲಿಸೆಕೆಂಡಿನೊಳಗಿದ್ದರೆ ಗೊತ್ತಾಗುವುದಿಲ್ಲ, 400 ದಾಟಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡತೊಡಗುತ್ತಾರೆ. ಫೈಬರ್ ಇದ್ದರೆ ಕೇಬಲ್ ಎಳೆದು ಲ್ಯಾಪ್‌ಟಾಪಿಗೇ ಸಿಕ್ಕಿಸಿ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಸತ್ತುಹೋಗುವುದು ಮೋಡೆಮ್. ಅದಕ್ಕೊಂದು ಸಣ್ಣ ಯುಪಿಎಸ್ ಕೊಡಿ, ಹೆಚ್ಚಿನವು 12 ವೋಲ್ಟಿನವು, ಅಡಾಪ್ಟರಿನ ಮೇಲೆ ಬರೆದಿರುತ್ತದೆ. ಬೇರೆ ಕಂಪನಿಯ ಸಿಮ್ ಇರುವ ಮೊಬೈಲನ್ನು ಹಾಟ್‌ಸ್ಪಾಟಿಗೆ ತಯಾರಿಟ್ಟು, ಸಂಯೋಜಕರ ಕೈಯಲ್ಲಿ ಕೊಡಿ. ಸಾಕ್ಷಿಯ ಕೈಯಲ್ಲಿ ಬೇಡ.

ಚಿತ್ರದ ಚೌಕಟ್ಟು

ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಬರಲಿ, ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಕಾನೂನು ಪುಸ್ತಕ ಇಟ್ಟರೆ ಆಯಿತು. ಕೆಳಗಿನಿಂದ ಮೂಗಿನ ಹೊಳ್ಳೆ ಕಾಣುವ ಚಿತ್ರ ಯಾವ ಸಾಕ್ಷಿಗೂ ಒಳ್ಳೆಯದು ಮಾಡಿಲ್ಲ. ಕಿಟಕಿ ಸಾಕ್ಷಿಯ ಮುಂದಿರಲಿ, ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ. ತಲೆಯಿಂದ ಸೊಂಟದವರೆಗೆ, ಮೇಜಿನ ಮೇಲಿನ ಎರಡೂ ಕೈ ಕಾಣಬೇಕು. ಕೈ ಕಂಡರೆ ಸನ್ನೆಯೂ ಕಾಣುತ್ತದೆ, ಚೀಟಿ ಇಲ್ಲವೆಂಬುದೂ ಕಾಣುತ್ತದೆ.

ಯಾರನ್ನು ಚೌಕಟ್ಟಿಗೆ ತೆಗೆದುಕೊಳ್ಳುತ್ತೀರಿ ಎಂಬುದು ಕೂಡ ತೀರ್ಮಾನವನ್ನು ತಿರುಗಿಸುತ್ತದೆ. ತಪ್ಪೊಪ್ಪಿಗೆಯ ವಿಡಿಯೊಗಳ ಮೇಲೆ ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ಲ್ಯಾಸಿಟರ್ ನಡೆಸಿದ ಪ್ರಯೋಗಗಳಲ್ಲಿ, ಕ್ಯಾಮೆರಾ ಆರೋಪಿಯ ಮುಖವನ್ನಷ್ಟೇ ಹಿಡಿದಾಗ ನೋಡುಗರು ‘ತಾನಾಗಿಯೇ ಒಪ್ಪಿಕೊಂಡ’ ಎಂದರು. ಪ್ರಶ್ನೆ ಕೇಳುವ ಪೊಲೀಸರನ್ನೂ ಸಮನಾಗಿ ತೋರಿಸಿದಾಗ ಆ ಅಭಿಪ್ರಾಯ ಇಳಿಯಿತು. ನ್ಯೂಜಿಲೆಂಡ್ ಪೊಲೀಸರು ಇಬ್ಬರನ್ನೂ ಪಕ್ಕದಿಂದ ತೋರಿಸುವ ಪದ್ಧತಿಗೆ ಬದಲಾದರು. ಪೊಲೀಸ್ ವಿಡಿಯೊ ಹೇಳಿಕೆ ನಿಮ್ಮ ಕೇಸಿನಲ್ಲಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಕೇಳುವವರು ಎಲ್ಲಿ ಕೂತಿದ್ದರು, ಚೌಕಟ್ಟಿನಲ್ಲಿ ಯಾಕಿಲ್ಲ, ರೆಕಾರ್ಡಿಂಗ್ ಶುರುವಾಗುವ ಮುಂಚೆ ಏನು ಮಾತಾಯಿತು?

ದಾಖಲೆ

ತೆರೆಯ ಮೇಲೆ ಹಂಚಿಕೊಂಡು ತೋರಿಸುವುದನ್ನೇ ನೆಚ್ಚಬೇಡಿ. ಪಹಣಿಯ ಕಾಲಂಗಳು, ಸರ್ವೆ ನಕ್ಷೆಯ ಹದ್ದುಬಸ್ತು ಗೆರೆಗಳು ಚಿಕ್ಕ ಪರದೆಯಲ್ಲಿ ಇರುವೆ ಸಾಲಾಗುತ್ತವೆ. ಎಲ್ಲ ದಾಖಲೆಯ ಪ್ರತಿಗಳನ್ನು ಪುಟಸಂಖ್ಯೆ ಹಾಕಿ, ಪಟ್ಟಿ ಸಮೇತ, ಮೊಹರಾದ ಲಕೋಟೆಯಲ್ಲಿ ಸಂಯೋಜಕರಿಗೆ ಮೊದಲೇ ತಲುಪಿಸಿ. ಲಕೋಟೆಯನ್ನು ಒಡೆಯುವುದು ಕ್ಯಾಮೆರಾದ ಎದುರೇ. ಪಾಟೀ ಸವಾಲು ಮಾಡುವವರು ತಾವು ತೋರಿಸಬೇಕೆಂದಿರುವ ಕಾಗದವನ್ನು ಮೊದಲೇ ಬಿಟ್ಟುಕೊಡಲು ಒಪ್ಪುವುದಿಲ್ಲ, ಅದು ನ್ಯಾಯವೇ. ಅವರದ್ದು ಬೇರೆ ಲಕೋಟೆಯಾಗಿರಲಿ, ಅವರು ಹೇಳುವ ತನಕ ಮೊಹರು ಇರಲಿ.

ಹಿಂದಿನ ಹೇಳಿಕೆಯಿಂದ ವಿರೋಧ ತೋರಿಸುವಾಗ ಸಾಕ್ಷ್ಯ ಅಧಿನಿಯಮದ 148ನೇ ಕಲಮು ಬಯಸುವುದು ಆ ಭಾಗವನ್ನು ಸಾಕ್ಷಿಯ ಗಮನಕ್ಕೆ ತರುವುದನ್ನು. ಸಾಲನ್ನು ಪೂರ್ತಿ ಓದಿ, ಪುಟವನ್ನು ಸಾಕ್ಷಿಯ ಕೈಗೆ ಕೊಡಿಸಿ, ಉತ್ತರ ಬಂದ ಮೇಲೆ ನಿ.ಡಿ. (ಆರೋಪಿ ಕಡೆಯ ನಿಶಾನೆ) ಎಂದು ಗುರುತು ಹಾಕಿಸಿ. ಕೈಗೆ ಕೊಡದೆ ಓದಿದ್ದಷ್ಟೇ ಆದರೆ ‘ಸರಿಯಾಗಿ ಕೇಳಿಸಲಿಲ್ಲ’ ಎಂದು, ಪಾಟೀ ಸವಾಲಿನ ನಂತರದ ಮರು ವಿಚಾರಣೆಯಲ್ಲಿ ಬರುವ ಉತ್ತರಕ್ಕೆ ದಾರಿ ಬಿಟ್ಟಂತೆ.

ಮಾತಾಡುವ ಬಗೆ

ಸಾಕ್ಷಿಗೆ ಏನು ಹೇಳಬೇಕೆಂದು ಹೇಳಿಕೊಡಬೇಡಿ. ಹೇಗೆ ಕೂತು ಹೇಳಬೇಕೆಂದು ತೋರಿಸಿಕೊಡುವುದು ತಪ್ಪಲ್ಲ. ‘ಅಜ್ಜೀ, ತಲೆ ಆಡಿಸಿದ್ರೆ ಬರ್ಕೊಳ್ಳೋಕಾಗಲ್ಲ, ಹೌದು ಇಲ್ಲ ಅಂತ ಬಾಯಲ್ಲೇ ಹೇಳ್ಬೇಕು. ಪ್ರಶ್ನೆ ಪೂರ್ತಿ ಮುಗಿದ ಮೇಲೆ ಒಂದು ಉಸಿರು ಎಳ್ಕೊಂಡು ಶುರು ಮಾಡಿ.’ ಅಷ್ಟು ಸಾಕು. ಆ ಒಂದು ಉಸಿರು ವಿಳಂಬವನ್ನು ನುಂಗಿಹಾಕುತ್ತದೆ.

ನಮ್ಮ ಕಡೆಯವರ ಮಾತಿನಲ್ಲಿ ಅಳತೆ ಕೈಯಲ್ಲಿರುತ್ತದೆ. ‘ಇಷ್ಟುದ್ದ ದೊಣ್ಣೆ’, ‘ಅಲ್ಲಿಂದ ಇಲ್ಲಿಗೆ’, ‘ಆ ದರೆಯಿಂದ ಕೆಳಗೆ’. ಕೋರ್ಟ್ ಹಾಲಿನಲ್ಲಿ ನ್ಯಾಯಾಧೀಶರು ಕೈ ನೋಡಿ ‘ಸುಮಾರು ಮೂರು ಅಡಿ’ ಎಂದು ಬರೆಸುತ್ತಾರೆ. ವಿಸಿಯಲ್ಲಿ ಕೈ ಚೌಕಟ್ಟಿನ ಹೊರಗೆ ಹೋಗಿರುತ್ತದೆ. ವಕೀಲರು ಅಲ್ಲೇ ಮಾತಾಗಿಸಬೇಕು:

‘ಎಷ್ಟು ದೂರದಲ್ಲಿ ನಿಂತಿದ್ರಿ?’
‘ಒಂದು ಕೂಗಳತೆ ಇರಬಹುದು ಸ್ವಾಮಿ.’
‘ಕೂಗಳತೆ ಅಂದ್ರೆ ಎಷ್ಟು ಹೆಜ್ಜೆ ಆಗುತ್ತಮ್ಮ?’

ಈ ಮೂರನೆಯ ಪ್ರಶ್ನೆ ಕೇಳದಿದ್ದರೆ ಮೇಲ್ಮನವಿಯಲ್ಲಿ ಕೂಗಳತೆಯನ್ನು ಒಬ್ಬರು 50 ಮೀಟರ್ ಎನ್ನುತ್ತಾರೆ, ಇನ್ನೊಬ್ಬರು ಕಾಲು ಮೈಲಿ. ಎಡ–ಬಲದ ಬಗ್ಗೆಯೂ ಎಚ್ಚರ: ತನ್ನ ಚಿತ್ರ ತನಗೆ ಕನ್ನಡಿಯಂತೆ ತಿರುಗಿ ಕಾಣುತ್ತದೆ, ಕೋರ್ಟಿಗೆ ತಿರುಗದೆ ಕಾಣುತ್ತದೆ. ಗಾಯ ಯಾವ ಕೈಗೆ ಎಂದು ಪರದೆ ನೋಡಿಕೊಂಡು ತೋರಿಸುವ ಸಾಕ್ಷಿ ಎಡವುತ್ತಾರೆ. ಸೆಟ್ಟಿಂಗಿನಲ್ಲಿ ಕನ್ನಡಿಯಂತೆ ತಿರುಗಿಸುವುದನ್ನು ನಿಲ್ಲಿಸಿ ಅಥವಾ ಸಾಕ್ಷಿಗೆ ಸ್ವಂತ ಚಿತ್ರವೇ ಕಾಣದ ಹಾಗೆ ಮಾಡಿ.

ಲಿಂಕ್ ತುಂಡಾದಾಗ

ಇದು ಆಗಿಯೇ ಆಗುತ್ತದೆ. ಪಾಟೀ ಸವಾಲಿನ ಬಿಸಿಯಲ್ಲಿ ಪ್ರಶ್ನೆ ಬೀಳುತ್ತದೆ, ಸಾಕ್ಷಿಯ ಮುಖ ಹೆಪ್ಪುಗಟ್ಟುತ್ತದೆ, ನಾಲ್ಕು ಸೆಕೆಂಡು ಮೌನ, ಆಮೇಲೆ ‘...ಗೊತ್ತಿಲ್ಲ’. ಕೋರ್ಟ್ ಹಾಲಿನಲ್ಲಿದ್ದವರಿಗೆ ಅದು ತಡವರಿಕೆಯಂತೆ ಕಂಡಿತು. ಸಾಕ್ಷಿಯ ತುದಿಯಲ್ಲಿ ಅವರು ಕೂಡಲೇ ಉತ್ತರಿಸಿದ್ದರು. ಸಾಕ್ಷಿಯ ಹಾವಭಾವದ ಬಗ್ಗೆ ನ್ಯಾಯಾಧೀಶರು ಟಿಪ್ಪಣಿ ಬರೆಯಲು ಸುರಕ್ಷಾ ಸಂಹಿತೆಯ 315ನೇ ಕಲಮಿನಲ್ಲಿ, ಸಿವಿಲ್ ಸಂಹಿತೆಯ ಆದೇಶ 18, ನಿಯಮ 12ರಲ್ಲಿ ಅಧಿಕಾರವಿದೆ. ನೆಟ್ಟಿನ ಮೌನ ಸಾಕ್ಷಿಯ ಮೌನವಾಗಿ ಆ ಟಿಪ್ಪಣಿಗೆ ಇಳಿಯದಂತೆ ನೋಡಿಕೊಳ್ಳುವುದು ವಕೀಲರ ಕೆಲಸ. ಆ ಕ್ಷಣವೇ ಎದ್ದು, ‘ಮಾನ್ಯರೇ, 11 ಗಂಟೆ 42 ನಿಮಿಷಕ್ಕೆ ಲಿಂಕ್ ನಿಂತಿತ್ತು, ದಯಮಾಡಿ ದಾಖಲಿಸಬೇಕು’ ಎಂದು ಕೇಳಿ. ವಾದದ ದಿನ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಲಿಂಕ್ ಮರಳಿ ಬಂದ ಕೂಡಲೇ ಪ್ರಶ್ನೆಗೆ ಹಾರಬೇಡಿ. ಕೋಣೆಯಲ್ಲಿ ಯಾರಿದ್ದಾರೆ ಎಂದು ಸಂಯೋಜಕರು ಕ್ಯಾಮೆರಾ ತಿರುಗಿಸಿ ಮತ್ತೆ ತೋರಿಸಲಿ, ನಡುವೆ ಯಾರೂ ಸಾಕ್ಷಿಯ ಜೊತೆ ಮಾತಾಡಿಲ್ಲ ಎಂದು ಹೇಳಲಿ. ಬರೆದುಕೊಂಡ ಕೊನೆಯ ಪ್ರಶ್ನೆ–ಉತ್ತರವನ್ನು ಬೆರಳಚ್ಚುಗಾರರು ಓದಲಿ. ತುಂಡಾದ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಮತ್ತೆ ಕೇಳಬೇಕು. ಎರಡನೇ ಸಲ ಮಾತು ಬದಲಿಸಿ ಕೇಳಿದರೆ ಎದುರು ಪಕ್ಷ ಆಕ್ಷೇಪಿಸಬೇಕು. ಒಂದೇ ಸಾಕ್ಷ್ಯದಲ್ಲಿ ಪದೇಪದೇ ತುಂಡಾಗುತ್ತಿದ್ದರೆ ಹಟ ಹಿಡಿದು ಮುಗಿಸುವುದಕ್ಕಿಂತ ಮುಂದೂಡಿಸಿ.

ಮುಗಿದ ಮೇಲೆ

ಕೋರ್ಟಿನ ತುದಿಯಲ್ಲಿ ಆಡಿಯೊ–ವಿಡಿಯೊ ದಾಖಲಾಗುತ್ತದೆ, ಅದರ ಮೂಲಪ್ರತಿ ಹ್ಯಾಶ್ ಮೌಲ್ಯದೊಂದಿಗೆ (ಫೈಲು ಬದಲಾದರೆ ತಿಳಿಸುವ ಡಿಜಿಟಲ್ ಗುರುತಿನೊಂದಿಗೆ) ಕಡತದಲ್ಲಿ ಉಳಿಯುತ್ತದೆ. ನೀವು ಮೊಬೈಲಿನಲ್ಲಿ ಹಿಡಿದುಕೊಳ್ಳುವ ಹಾಗಿಲ್ಲ. ಆದರೂ ಮೇಲಿನ ಕೋರ್ಟು ಓದುವುದು ಬರೆದ ಸಾಕ್ಷ್ಯವನ್ನೇ, ಹಾಗಾಗಿ ಸಹಿಗೆ ಮುಂಚೆ ಅದನ್ನು ಸಾಕ್ಷಿಗೆ ನಿಧಾನವಾಗಿ ಓದಿ ಹೇಳಬೇಕು. ಹೆಸರು, ಸರ್ವೆ ನಂಬರು, ತಾರೀಕು, ಎಡ–ಬಲ, ‘ಹೋಗಿದ್ದೆ–ಹೋಗಿದ್ದ’ ಈ ಐದನ್ನು ಬೆರಳಿಟ್ಟು ನೋಡಿ, ವಿಸಿಯಲ್ಲಿ ತಪ್ಪು ಹೊಕ್ಕುವುದು ಹೆಚ್ಚಾಗಿ ಇಲ್ಲೇ. ತಿದ್ದುಪಡಿ ಇದ್ದರೆ ಅಲ್ಲೇ ಹೇಳಿ ದಾಖಲಿಸಿಕೊಳ್ಳಿ. ಡಿಜಿಟಲ್ ಸಹಿ ಇಲ್ಲದಿದ್ದರೆ ಸಾಕ್ಷಿಯ ತುದಿಯಲ್ಲಿ ಮುದ್ರಿಸಿ, ಪ್ರತಿ ಪುಟಕ್ಕೂ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ, ಸಂಯೋಜಕರೂ ಸಹಿ ಮಾಡಿ, ಸ್ಕ್ಯಾನ್ ಕಳಿಸಬೇಕು. ಮೂಲ ಕಾಗದ ಸಾಧ್ಯವಾದಷ್ಟೂ ಮೂರು ದಿನದೊಳಗೆ ಸ್ಪೀಡ್ ಪೋಸ್ಟಿನಲ್ಲಿ ಹೊರಡಬೇಕು. ಅಂದೇ ಪ್ರಿಂಟರಿನ ಶಾಯಿ ಮುಗಿದು ಸಾಕ್ಷಿಯನ್ನು ಇನ್ನೊಂದು ದಿನ ಕರೆಸಿದ ಉದಾಹರಣೆಗಳು ಸಾಕಷ್ಟಿವೆ, ಬೆಳಿಗ್ಗೆ ಅರ್ಧ ಗಂಟೆ ಮುಂಚಿನ ಪರೀಕ್ಷೆಯಲ್ಲಿ ಕ್ಯಾಮೆರಾದ ಜೊತೆ ಪ್ರಿಂಟರಿನಿಂದಲೂ ಒಂದು ಹಾಳೆ ತೆಗೆದು ನೋಡಿ.